ಕಾಫಿ ಆರಲಿ

ಮನೋರೋಗ ವಿಭಾಗದ ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಬರುವ ನಮ್ಮ ಹುಡುಗಿಯರು ಯಾರಿಂದಲೋ ನನ್ನ ನಂಬರ್ ತೆಗೆದುಕೊಂಡು ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ. “ಆಂಟಿ, ಪೇಷಂಟ್‌ಗಳು ಹೊಡೀತಾರಾ?” ಹೊಡೆಯುತ್ತಾರಮ್ಮ, ಅಪರೂಪಕ್ಕೆ. ನನಗೂ ಬಿದ್ದಿದೆ. ಒಬ್ಬಾಕೆ ಊಟದ ತಟ್ಟೆ ಎಸೆದು ನನ್ನ ಹುಬ್ಬು ಒಡೆದಿದ್ದಳು. ಗುಣವಾದ ಮೇಲೆ ಅದೇ ಹುಬ್ಬು ಸವರಿ ಗೊಳೋ ಅಂತ ಅತ್ತಳು. ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ. ನನಗೆ ಕೋಪವಿರುವುದು ರೋಗಿಯ ಸುತ್ತ ನಿಂತು “ಏನಿಲ್ಲ, ಏನೂ ಇಲ್ಲ” ಎನ್ನುವ ಆರೋಗ್ಯವಂತರ ಮೇಲೆ. ಕೆಲಸ ಬಿಟ್ಟ ಮೇಲೆ ಸಿಟ್ಟು ಇಳಿಯುತ್ತದೆ ಅಂತ ಎಲ್ಲರೂ ಹೇಳಿದರು. ಇಳಿದಿಲ್ಲ. ಬಿಪಿ ಮಾತ್ರೆ ನುಂಗಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಗಿರಿಜಾ, ಊರು ಚಿತ್ರದುರ್ಗ. ಬೆಂಗಳೂರಿನಲ್ಲಿ ಓದಿ, ಕೊಲ್ಲಿಯ ಒಂದು ನಗರದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ದುಡಿದು, ಆಮೇಲೆ ಐರ್ಲೆಂಡಿನ ಕಾರ್ಕ್‌ಗೆ ಬಂದು, ಕೊರೊನಾ ಮುಗಿಯುವ ಹೊತ್ತಿಗೆ ನಿವೃತ್ತಳಾದವಳು. ಇಷ್ಟೂ ವರ್ಷ ನನ್ನ ಅತ್ತೆ ನೆಂಟರ ಮುಂದೆ ಹೇಳಿಕೊಂಡು ಬಂದದ್ದು “ನಮ್ಮ ಸೊಸೆ ನರಗಳ ವಿಭಾಗದಲ್ಲಿದ್ದಾಳೆ” ಎಂದು. ಹುಚ್ಚಾಸ್ಪತ್ರೆ ಎನ್ನಲು ಅವರಿಗೆ ಬಾಯಿ ಬರಲೇ ಇಲ್ಲ. ಕಾಯಿಲೆ ಅಂಟುವುದಿಲ್ಲ ಅಂತ ಅವರಿಗೂ ಗೊತ್ತು, ಆದರೆ ಅವಮಾನ ನರ್ಸಿನವರೆಗೂ ಅಂಟುತ್ತದಲ್ಲ! ಮುಂದೆ ಅರಬ್ಬರ ಬಗ್ಗೆ ನಾನು ಬರೆಯುವುದನ್ನು ಓದಿ ಯಾರಿಗಾದರೂ “ಛೇ, ಎಂಥ ಜನ” ಅನ್ನಿಸಿದರೆ ದಯವಿಟ್ಟು ಮೊದಲು ನನ್ನ ಅತ್ತೆಯನ್ನು ನೆನೆಸಿಕೊಳ್ಳಿ.

ಕೊಲ್ಲಿಯ ಆ ಆಸ್ಪತ್ರೆಗೆ ಬರುವವರು ಕಾರನ್ನು ಗೇಟಿನ ಮುಂದೆ ನಿಲ್ಲಿಸುತ್ತಿರಲಿಲ್ಲ. ಎರಡು ಬೀದಿ ಆಚೆ ಒಂದು ಹಲ್ಲಿನ ಆಸ್ಪತ್ರೆ ಇತ್ತು, ಅದರ ಮುಂದೆ ನಿಲ್ಲಿಸಿ ಆ ಉರಿಬಿಸಿಲಲ್ಲಿ ನಡೆದು ಬರುತ್ತಿದ್ದರು. ನಂಬರ್ ಪ್ಲೇಟ್ ನೋಡಿ ಯಾರ ಮನೆಯವರು ಅಂತ ಜನ ಗುರುತು ಹಿಡಿದುಬಿಟ್ಟರೆ? ಮನೆಯಲ್ಲಿ ಒಬ್ಬರಿಗೆ ತಲೆ ಕೆಟ್ಟಿದೆ ಅಂತ ಗೊತ್ತಾದರೆ ತಂಗಿಯನ್ನು ಯಾರೂ ಕೇಳುವುದಿಲ್ಲ, ಅಣ್ಣನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ನಮ್ಮ ಹತ್ತಿರ ಬರುವ ಮೊದಲು ಬೇರೆಲ್ಲ ಬಾಗಿಲು ತಟ್ಟಿ ಆಗಿರುತ್ತಿತ್ತು. ಕಣ್ಣುದೃಷ್ಟಿ ಅಂತ ಒಬ್ಬರು, ಜಿನ್ ಹೊಕ್ಕಿದೆ ಅಂತ ಇನ್ನೊಬ್ಬರು. ಜಿನ್ ಅಂದರೆ ಕಣ್ಣಿಗೆ ಕಾಣದ ಜೀವಿ. ನಮ್ಮಲ್ಲಿ ಗಾಳಿ ಸೋಕಿದೆ ಅನ್ನುವುದಿಲ್ಲವೇ, ಹೆಚ್ಚುಕಮ್ಮಿ ಹಾಗೆ. ಒಬ್ಬ ಶೇಖ್, ಅಂದರೆ ಧರ್ಮಗುರು, ಬಂದು ಪವಿತ್ರ ವಾಕ್ಯಗಳನ್ನು ಓದಿ ನೀರಿಗೆ ಊದಿ ಕುಡಿಸುತ್ತಾನೆ. ಅದರಿಂದ ತಾಯಂದಿರಿಗೆ ಎಷ್ಟು ಸಮಾಧಾನ ಸಿಗುತ್ತಿತ್ತು ಅಂತ ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹೀಯಾಳಿಸುವುದಿಲ್ಲ.

ಹೀಯಾಳಿಸಬಾರದು ಅಂತ ಕಲಿಸಿದವರು ನಮ್ಮ ಘಟಕದ ಮುಖ್ಯಸ್ಥೆ ಡಾಕ್ಟರ್ ಸಲ್ಮಾ. ಸುಡಾನಿನವರು, ಎತ್ತರದ ಹೆಂಗಸು, ಮಾತು ಬೆಂಕಿ. “ಗಿರಿಜಾ, ಜಿನ್ ಇದೆಯೋ ಇಲ್ಲವೋ ಅಂತ ಅಮ್ಮಂದಿರ ಹತ್ರ ವಾದಕ್ಕೆ ನಿಂತ್ಕೋಬೇಡ. ಜಿನ್ ಬಂದ್ಮೇಲೆ ಹುಡುಗ ನಿದ್ದೆ ಮಾಡಿದಾನಾ, ಊಟ ಮಾಡಿದಾನಾ, ಅದನ್ನ ಕೇಳು. ಅವರು ಓದಿಸ್ಲಿ. ಮಾತ್ರೇನೂ ನುಂಗಿಸ್ಲಿ. ದೇವರಿಗೆ ಎರಡರ ಮೇಲೂ ಬೇಜಾರಿಲ್ಲ” ಅನ್ನುತ್ತಿದ್ದರು. ಕಿಟಕಿಯಿಂದ ಆ ಹಲ್ಲಿನ ಆಸ್ಪತ್ರೆ ಮುಂದಿನ ಕಾರುಗಳ ಸಾಲು ನೋಡಿದಾಗೆಲ್ಲ ಅವರ ಪಿತ್ತ ನೆತ್ತಿಗೇರುತ್ತಿತ್ತು. “ಬೇರೆ ಕಡೆ ಇಂಥವರನ್ನ ಸರಪಳೀಲಿ ಕಟ್ಟಿಹಾಕ್ತಿದ್ದ ಕಾಲದಲ್ಲಿ ನಮ್ಮ ಹಳೇ ನಗರಗಳಲ್ಲಿ ಕಾರಂಜಿ ಇಟ್ಟು, ವಾದ್ಯ ನುಡಿಸಿ ಆಸ್ಪತ್ರೆ ನಡೆಸ್ತಿದ್ರು. ಅವರ ಮೊಮ್ಮಕ್ಕಳು ನೋಡು, ಹಲ್ಲುನೋವು ಅಂತ ನಾಟಕ ಆಡ್ತಿದಾರೆ!”

ಅದೇ ಆಸ್ಪತ್ರೆಗೆ ಒಮ್ಮೆ ಯುರೋಪಿನಿಂದ ಒಬ್ಬ ದೊಡ್ಡ ತಜ್ಞರು ಬಂದರು. ಪ್ರತಿ ಹೆಂಗಸನ್ನೂ ಕೂರಿಸಿ ದುಭಾಷಿಯ ಮೂಲಕ ಕೇಳಿದರು, “ನಿಮಗೆ ಬೇಸರವಾಗುತ್ತದೆಯೇ? ಬದುಕು ಸಾಕೆನಿಸಿದೆಯೇ?” ಪ್ರತಿಯೊಬ್ಬಳೂ “ದೇವರ ದಯೆ, ಚೆನ್ನಾಗಿದ್ದೇನೆ” ಅಂದಳು. ಬದುಕು ಸಾಕು ಅಂದರೆ ಅದನ್ನು ಕೊಟ್ಟ ದೇವರ ಮೇಲೆ ದೂರು ಹೇಳಿದ ಹಾಗಲ್ಲವೇ? ಯಾವ ಮರ್ಯಾದಸ್ಥ ಹೆಂಗಸು ಹೇಳುತ್ತಾಳೆ? ಈ ಊರಲ್ಲಿ ಖಿನ್ನತೆಯೇ ಇಲ್ಲ ಅಂತ ಆತ ಸಂತೋಷಪಟ್ಟರು. ಅವರು ಊಟಕ್ಕೆ ಎದ್ದ ಮೇಲೆ ಸಲ್ಮಾ ಅದೇ ಹೆಂಗಸರಲ್ಲಿ ಒಬ್ಬಳ ಪಕ್ಕ ಕೂತು “ಎದೆ ಹೇಗಿದೆ ತಾಯಿ?” ಅಂತ ಕೇಳಿದರು. ಅಷ್ಟೇ. ಎದೆ ಮೇಲೆ ಕಲ್ಲು ಹೇರಿದ ಹಾಗಿದೆ, ಕೈಕಾಲು ಸೋತು ಹೋಗಿವೆ, ಮಗು ಅತ್ತರೆ ಏಳಲಾಗುವುದಿಲ್ಲ ಅಂತ ಆ ಹೆಂಗಸು ಮಾತು ನಿಲ್ಲಿಸಲೇ ಇಲ್ಲ. ತಜ್ಞರು ವಾಪಸು ಬಂದಾಗ ನನಗೆ ಅವರ ಕೈಯಿಂದ ಆ ಪ್ರಶ್ನೆಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಬೇಕು ಅನ್ನಿಸಿತ್ತು.

ಇನ್ನೊಂದು ದಿನ ಜೋರ್ಡನ್ ಕಡೆಯ ಒಬ್ಬ ಯಜಮಾನರು ಸಲ್ಮಾ ಅವರ ಕೋಣೆಗೆ ಬಂದರು. ಬೆಳ್ಳಗಿನ ಗಡ್ಡ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ. ಅವರ ಮಗ ನಮ್ಮ ವಾರ್ಡಿನಲ್ಲಿದ್ದ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಟ್ಟೆವು. ಅವರು ಬಟ್ಟಲನ್ನು ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತರು. ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಸಲ್ಮಾ ಹೇಳಿದರು. ಅವರ ಕಡೆ ದೊಡ್ಡದೇನಾದರೂ ಕೇಳಲು ಬಂದ ಅತಿಥಿ ಕಾಫಿ ಮುಟ್ಟುವುದಿಲ್ಲ. ಹೆಣ್ಣು ಕೇಳಲು ಹಿರಿಯರ ದಂಡು ಕಟ್ಟಿಕೊಂಡು ಬಂದಾಗಲೂ ಹೀಗೆಯೇ. ಮನೆಯ ಯಜಮಾನ “ನಿಮ್ಮ ಕಾಫಿ ಕುಡಿಯಿರಿ” ಅಂದರೆ, ನೀವು ಕೇಳಿದ್ದನ್ನು ಕೊಟ್ಟೆ ಅಂತ ಅರ್ಥ. ಅತಿಥಿ ಕಾಫಿ ಕುಡಿಯದೆ ಎದ್ದು ಹೋದರೆ ಆ ಮನೆಗೆ ಅದಕ್ಕಿಂತ ಅವಮಾನವಿಲ್ಲ. ಈ ಯಜಮಾನರು ಕೇಳಲು ಬಂದದ್ದು ಏನು ಗೊತ್ತೇ? ಮಗನಿಗೆ ಟೈಫಾಯ್ಡ್ ಅಂತ ಹೇಳಬೇಕು, ಜಗತ್ತಿಗೆಲ್ಲ ಹಾಗೆಯೇ ಹೇಳಬೇಕು, ಮತ್ತು ಮಗನನ್ನು ಆ ದಿನವೇ ಮನೆಗೆ ಕಳಿಸಬೇಕು.

ಸಲ್ಮಾ ಬಟ್ಟಲನ್ನು ನೋಡಿದರು. ಯಜಮಾನರನ್ನು ನೋಡಿದರು. “ಹಾಗಾದ್ರೆ ಕಾಫಿ ಆರ್ಲಿ” ಅಂದರು. ಆತ ಕೆಂಪಗಾಗಿ ಎದ್ದು ಹೋದರು. ಹುಡುಗ ವಾರ್ಡಿನಲ್ಲೇ ಉಳಿದ, ಗುಣವಾಗಿ ಹೋದ. ಈ ಸಂಗತಿ ನನಗೆ ಎಷ್ಟೋ ವರ್ಷಗಳ ನಂತರ ಕಾರ್ಕ್‌ನ ಒಂದು ಹಿತ್ತಲಲ್ಲಿ ಉಪಯೋಗಕ್ಕೆ ಬಂತು. ಆ ಕಥೆ ಹೇಳಲೆಂದೇ ಇಷ್ಟು ಪೀಠಿಕೆ. ಹೆಸರುಗಳನ್ನು ಬದಲಾಯಿಸಿದ್ದೇನೆ. ಬರೆಯಲು ಆ ಮನೆಯವರೇ ಒಪ್ಪಿದ್ದಾರೆ.

ಐರ್ಲೆಂಡಿಗೆ ಬಂದ ಮೇಲೆ ನನ್ನ ಕೆಲಸ ವಾರ್ಡಿನಲ್ಲಿರಲಿಲ್ಲ, ಮನೆಮನೆಗೆ ಹೋಗುವುದಾಗಿತ್ತು. ಹೊಸಬರಿಗೆ ಹೇಳುತ್ತೇನೆ, ಈ ವೃತ್ತಿಯ ಅರ್ಧ ವಿದ್ಯೆ ಮೂಗಿನಲ್ಲಿದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಅಡುಗೆ ಆಗಿದೆಯೋ, ಸ್ನಾನ ಆಗಿದೆಯೋ, ಕಿಟಕಿ ತೆಗೆದು ಎಷ್ಟು ದಿನವಾಯಿತೋ ಗೊತ್ತಾಗುತ್ತದೆ. ಕೊರೊನಾ ಬಂದು ಇದೆಲ್ಲ ಹೋಯಿತು. ಎಲ್ಲ ಫೋನಿನಲ್ಲೇ ಮಾಡಿ ಅಂದರು. ಅರಬ್ಬಿ ಮಾತಾಡುವವರಾದರೆ ಮೂರನೆಯ ಊರಿನಿಂದ ದುಭಾಷಿ ಲೈನಿಗೆ ಬರುತ್ತಿದ್ದರು. ಫೋನಿನಲ್ಲಿ ಯಾವ ಮೂಗು, ಯಾವ ಕಣ್ಣು? ಇದನ್ನು ಹೊಸ ವಿಧಾನ ಅಂತ ಹೊಗಳಿ ತರಬೇತಿ ಕೊಟ್ಟರು ಬೇರೆ. ತುರ್ತಿಗೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಕುಂಟುವ ಕಾಲಿಗೆ ಹೊಸ ನಡಿಗೆ ಅಂತ ಹೆಸರಿಡಬೇಡಿ.

ರೀಮಾ ಎಂಬ ಇಪ್ಪತ್ತು ವರ್ಷದ ಹುಡುಗಿಯ ಹೆಸರು ನಮ್ಮ ತಂಡಕ್ಕೆ ಬಂದದ್ದು ಆಗ. ಜೋರ್ಡನ್ನಿನ ಕುಟುಂಬ, ಅವಳು ಚಿಕ್ಕವಳಿದ್ದಾಗಲೇ ಇಲ್ಲಿಗೆ ಬಂದವರು. ಆನ್‌ಲೈನ್ ಪಾಠಕ್ಕೆ ಬರುವುದನ್ನು ನಿಲ್ಲಿಸಿದ್ದಾಳೆ, ನಿಲ್ಲಿಸುವ ಮೊದಲು ಏನೇನೋ ಮಾತಾಡುತ್ತಿದ್ದಳು ಅಂತ ಕಾಲೇಜಿನವರು ತಿಳಿಸಿದ್ದರು. ನಮ್ಮ ಸಹೋದ್ಯೋಗಿಯೊಬ್ಬರು ದುಭಾಷಿಯನ್ನಿಟ್ಟುಕೊಂಡು ಫೋನ್ ಮಾಡಿದರು. ತಾಯಿ ಎತ್ತಿಕೊಂಡರು. ಮಗಳು ಹೇಗಿದ್ದಾಳೆ? ದೇವರ ದಯೆ, ಚೆನ್ನಾಗಿದ್ದಾಳೆ. ಮನಸ್ಸಿಗೆ ಬೇಸರವೇ? ಇಲ್ಲ. ಮಾತಾಡಬಹುದೇ? ಕೊರೊನಾ ಬಂದಿದೆ, ಕೋಣೆಯಲ್ಲಿ ಬೇರೆ ಇಟ್ಟಿದ್ದೇವೆ, ಮಲಗಿದ್ದಾಳೆ. ಎರಡನೆಯ ಸಲವೂ ಇದೇ ಉತ್ತರ, ಮೂರನೆಯ ಸಲವೂ ಇದೇ. ನನಗೆ ಆ ಯುರೋಪಿನ ತಜ್ಞರು ಎದ್ದು ಬಂದು ಎದುರಿಗೆ ಕೂತ ಹಾಗಾಯಿತು. ಅಲ್ಲ ಕಣ್ರೀ, ಕೊರೊನಾ ಬಂದವರು ಒಂದು ತಿಂಗಳು ಮಲಗಿಯೇ ಇರುತ್ತಾರಾ?

ನಮ್ಮ ತಂಡದ ಮುಖ್ಯಸ್ಥೆ ಡೀರ್ಡ್ರಾ. ಒಳ್ಳೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಎಲ್ಲದಕ್ಕೂ ‘ಗ್ರ್ಯಾಂಡ್’, ಅಂದರೆ ಇಲ್ಲಿನವರ ಮಾತಿನಲ್ಲಿ ‘ಚೆನ್ನಾಗಿದೆ, ಏನೂ ತೊಂದರೆಯಿಲ್ಲ’, ಅನ್ನುವವಳು. ಅವಳ ಹತ್ತಿರ ಹೋಗಿ ನಾನು ಆ ಮನೆಗೆ ಹೋಗಬೇಕು ಅಂದೆ.

“ಗಿರಿಜಾ, ಅಮ್ಮ ಬೇಡ ಅಂತಿದಾರೆ. ಅವರ ಸಂಸ್ಕೃತೀಲಿ ಇಂಥದ್ದು ಮನೆಯೊಳಗಿನ ವಿಷಯ. ನಾವು ಅದನ್ನ ಗೌರವಿಸ್ಬೇಕಲ್ವಾ?”

ನಾನು ಕೂಗಿದೆ. ಹೌದು, ಮಾಸ್ಕಿನೊಳಗಿಂದಲೇ ಕೂಗಿದೆ. “ಸಂಸ್ಕೃತಿ ಅಂತೆ! ನಿಮ್ಮ ಅಜ್ಜಿ ಕಾಲದಲ್ಲಿ ಈ ದೇಶದಲ್ಲಿ ಬೆಟ್ಟದಂಥ ಹುಚ್ಚಾಸ್ಪತ್ರೆ ಕಟ್ಟಿ, ಬೇಡವಾದವರನ್ನೆಲ್ಲ ಒಳಗೆ ತಳ್ಳಿ, ಅವರ ಹೆಸರು ಎತ್ತದ ಹಾಗೆ ಬದುಕಿದ್ರಲ್ಲ, ಅದೂ ಸಂಸ್ಕೃತೀನೇನಾ? ಅದನ್ನ ನೀವು ತಪ್ಪು ಅಂತೀರಿ. ಅರಬ್ಬರ ಹುಡುಗಿಗೆ ಬಂದ್ರೆ ಮಾತ್ರ ಗೌರವ! ಗೌರವ ಅಲ್ಲ ಇದು, ಕೈ ತೊಳ್ಕೊಳ್ಳೋದು!” ಡೀರ್ಡ್ರಾ ಕೊರೊನಾ ನಿಯಮಗಳ ಹಾಳೆ ತೆಗೆದು ನೋಡಿದಳು. ಆಮೇಲೆ, ಮನೆಯೊಳಗೆ ಬೇಡ, ಹಿತ್ತಲಲ್ಲಿ ದೂರ ಕೂತು ಮಾತಾಡುವುದಾದರೆ ಹೋಗು ಅಂದಳು. ಆಗ ‘ಗಾರ್ಡನ್ ವಿಸಿಟ್’ ಅಂತ ಅದಕ್ಕೊಂದು ಹೆಸರೂ ಇತ್ತು.

ಆ ವಾರವೇ ನಮ್ಮ ಕನ್ನಡದ ಸುಷ್ಮಾ ದಿನಸಿ ತಂದುಕೊಡಲು ಬಂದಿದ್ದಳು. ಇಲ್ಲಿನ ಹಾಲಿಹಿಲ್ ಬಡಾವಣೆಯ ದೊಡ್ಡ ಕಂಪನಿಯಲ್ಲಿ ಎಂಜಿನಿಯರ್. ಬಾಗಿಲಾಚೆ ನಿಂತೇ ಹರಟುತ್ತಿದ್ದಾಗ, ಹೆಸರು ಹೇಳದೆ, ಕಾಯಿಲೆ ಮುಚ್ಚಿಡುವ ಅರಬ್ಬರ ಮನೆಗಳ ಮಾತು ತೆಗೆದೆ. “ಆ ಜನಾನೇ ಹಂಗೆ ಬಿಡಿ ಆಂಟಿ, ಜಿನ್ನು ಪಿನ್ನು ಅಂತ. ಎಜುಕೇಷನ್ ಇಲ್ಲ ನೋಡಿ” ಅಂದಳು. ನನ್ನ ಮೈಯೆಲ್ಲ ಉರಿಯಿತು.

“ಸುಷ್ಮಾ, ನಿನ್ನ ಮದುವೇಲಿ ನಿಮ್ಮ ಚಿಕ್ಕಪ್ಪ ಯಾಕಮ್ಮ ಇರಲಿಲ್ಲ?”

ಅವಳ ಮುಖ ಸಣ್ಣಗಾಯಿತು. ಅವಳೇ ಹಿಂದೊಮ್ಮೆ ನನಗೆ ಹೇಳಿದ್ದಳು. ಮನಸ್ಸಿನ ಕಾಯಿಲೆಯಿದ್ದ ಚಿಕ್ಕಪ್ಪನನ್ನು ಯಾವುದೋ ಆಶ್ರಮದಲ್ಲಿ ಬಿಟ್ಟು, ಬೀಗರಿಗೆ “ಕಾಶಿಗೆ ಹೋಗಿದಾರೆ” ಅಂದಿದ್ದರಂತೆ. “ನಿಮ್ಮಪ್ಪ ಎಷ್ಟು ಓದಿದಾರೆ?” ಅಂದೆ. ಅವಳು ಅಕ್ಕಿ ಚೀಲ ಕೆಳಗಿಟ್ಟು “ಬರ್ತೀನಿ ಆಂಟಿ” ಅಂತ ಹೊರಟಳು. ಮೂರು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ನಾನು ಆ ಮನೆಗೆ ಹೊರಡುವ ಮೊದಲೇ ರೀಮಾಳ ಅಕ್ಕ ಲೀನಾ ಫೋನ್ ಮಾಡಿದಳು. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಕಾರಿನಲ್ಲಿ ಕೂತು ಮಾತಾಡುತ್ತಿದ್ದೇನೆ ಅಂದಳು. “ಸಿಸ್ಟರ್, ಅವಳಿಗೆ ಕೊರೊನಾ ಇಲ್ಲ. ಬಂದೇ ಇಲ್ಲ. ನನ್ನ ಮದುವೆಗೋಸ್ಕರ ಅವಳನ್ನ ಮುಚ್ಚಿಟ್ಟಿದಾರೆ.” ಡಬ್ಲಿನ್ನಿನ ಒಂದು ಜೋರ್ಡನ್ ಮನೆತನದ ಹುಡುಗನ ಜೊತೆ ಅವಳ ಮದುವೆಯ ಮಾತು ನಡೆದಿತ್ತು. ಲಾಕ್‌ಡೌನ್ ಮುಗಿದ ಮೇಲೆ ಹಿರಿಯರು ಹೆಣ್ಣು ಕೇಳಲು ಬರುವುದು ಅಂತ ಇತ್ತು. ಅಲ್ಲಿಯವರೆಗೆ ವಾರಕ್ಕೊಮ್ಮೆ ಎರಡೂ ಮನೆಯವರು ವಿಡಿಯೊದಲ್ಲಿ ಸೇರುತ್ತಿದ್ದರು. ರೀಮಾ ಎಲ್ಲಿ ಅಂತ ಆ ಕಡೆಯವರು ಕೇಳಿದರೆ “ಪಾಪ, ಕೊರೊನಾ” ಅನ್ನುವುದು. ಆ ಕಡೆಯವರು ಅಯ್ಯೋ ಅನ್ನುವುದು, ದುವಾ, ಅಂದರೆ ಪ್ರಾರ್ಥನೆ, ಮಾಡುವುದು. “ಬೇರೆ ಕಾಯಿಲೆ ಅಂತ ಗೊತ್ತಾದ್ರೆ ಈ ದುವಾ ಮಾಡಲ್ಲ ಅವರು. ಸಿಸ್ಟರ್, ಅವಳು ಅಮ್ಮನ ಕೈಯಿಂದ ಏನೂ ತಿಂತಿಲ್ಲ. ನಿನ್ನೆಯಿಂದ ನೀರೂ ಕುಡೀತಿಲ್ಲ. ನೀವು ಬರ್ದೇ ಇದ್ರೆ ಅವಳು ಉಳಿಯಲ್ಲ.” ಈ ಮಾತಿನಿಂದ ತನ್ನ ಮದುವೆ ಮುರಿಯಬಹುದು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಹೋದೆ. ಅರಬ್ಬರಲ್ಲಿ ದೊಡ್ಡ ಮಗನ, ಮಗನಿಲ್ಲದಿದ್ದರೆ ದೊಡ್ಡ ಮಗಳ ಹೆಸರಿನಿಂದಲೇ ತಂದೆ ತಾಯಿಯರನ್ನು ಕರೆಯುತ್ತಾರೆ. ತಂದೆ ಅಬು ಲೀನಾ, ತಾಯಿ ಉಮ್ಮ್ ಲೀನಾ. ಅಬು ಲೀನಾ ರಿಂಗಾಸ್ಕಿಡಿ ಕಡೆಯ ಒಂದು ಔಷಧ ಕಾರ್ಖಾನೆಯಲ್ಲಿ ರಸಾಯನ ತಜ್ಞರು. ಹೌದು, ನೀವು ಸರಿಯಾಗಿಯೇ ಓದಿದಿರಿ. ಹಗಲೆಲ್ಲ ಜಗತ್ತಿಗೆ ಮಾತ್ರೆ ತಯಾರಿಸುವ ಮನುಷ್ಯ. ಅವರ ಮನೆಯಲ್ಲಿ ಏನು ನಡೆದಿತ್ತು ಅಂತ ಲೀನಾ ಹೇಳಿದ್ದಳು. ಬೇರೆ ದೇಶದಲ್ಲಿರುವ ಒಬ್ಬ ಶೇಖ್ ವಿಡಿಯೊದಲ್ಲಿ ಓದುತ್ತಿದ್ದ, ಇವರು ಫೋನಿನ ಮುಂದೆ ನೀರಿನ ಬಾಟಲಿ ಇಡುತ್ತಿದ್ದರು. ಓದಲಿ ಬಿಡಿ. ಆದರೆ ಆ ಪುಣ್ಯಾತ್ಮ “ನನ್ನ ನೀರು ಕುಡಿಯುವಾಗ ಡಾಕ್ಟರ ವಿಷ ಮುಟ್ಟಿಸಬೇಡಿ” ಅಂದಿದ್ದನಂತೆ. ಅವನು ನನ್ನ ಕೈಗೆ ಸಿಕ್ಕಿದ್ದರೆ ಆ ಬಾಟಲಿ ನೀರನ್ನು ಅವನ ತಲೆಗೇ ಸುರಿಯುತ್ತಿದ್ದೆ.

ಹಿತ್ತಲಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ದೂರ ದೂರ ಹಾಕಿದರು. ಜಿಟಿಜಿಟಿ ಮಳೆ, ಇಲ್ಲಿ ಅದನ್ನು ಮಳೆ ಅಂತ ಯಾರೂ ಲೆಕ್ಕಕ್ಕಿಡುವುದಿಲ್ಲ. ನಾನು ನನ್ನ ವಾರ್ಡಿನ ಅರಬ್ಬಿಯಲ್ಲಿ ಸಲಾಂ ಹೇಳಿದ್ದು ಕೇಳಿ ಅಬು ಲೀನಾ ಹುಬ್ಬೇರಿಸಿದರು. ಐವತ್ತೈದರ ಆಸುಪಾಸು, ಸಭ್ಯ ಮುಖ. ಮಗಳಿಗೆ ಕೊರೊನಾ, ಈಗ ವಾಸಿ, ನೀವು ಸುಮ್ಮನೆ ತೊಂದರೆ ತೆಗೆದುಕೊಂಡಿರಿ ಅಂದರು. ಆದರೆ ಮನೆಗೆ ಬಂದವರನ್ನು ಹಾಗೆಯೇ ಕಳಿಸುವುದುಂಟೇ? ಉಮ್ಮ್ ಲೀನಾ ಬಾಗಿಲಿನಿಂದ ತಟ್ಟೆ ಚಾಚಿದರು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಏಲಕ್ಕಿ ವಾಸನೆ. ಮಾಸ್ಕಿನೊಳಗೂ ಆ ವಾಸನೆ ನನ್ನನ್ನು ಸಲ್ಮಾ ಅವರ ಕೋಣೆಗೆ ಕರೆದುಕೊಂಡು ಹೋಯಿತು.

ಬಟ್ಟಲನ್ನು ಪಕ್ಕದ ಗಿಡ್ಡ ಗೋಡೆಯ ಮೇಲಿಟ್ಟೆ. ಕೈಕಟ್ಟಿ ಕೂತೆ.

“ಕುಡೀರಿ ಸಿಸ್ಟರ್, ಆರಿ ಹೋಗುತ್ತೆ.”

“ನಾನು ಒಂದು ಕೇಳೋಕೆ ಬಂದಿದೀನಿ ಅಬು ಲೀನಾ. ಕೊಡ್ತೀನಿ ಅಂದ್ರೆ ಕುಡೀತೀನಿ.”

ಆತ ಬಟ್ಟಲು ನೋಡಿದರು, ನನ್ನ ಸೀರೆಯ ಮೇಲಿನ ಪ್ಲಾಸ್ಟಿಕ್ ಏಪ್ರನ್ ನೋಡಿದರು. “ಇದನ್ನ ಎಲ್ಲಿ ಕಲಿತ್ರಿ?”

“ನಿಮ್ಮವರ ಹತ್ರಾನೇ. ನನಗೆ ರೀಮಾನ ನೋಡ್ಬೇಕು. ನೀವು ಇಲ್ಲ ಅಂದ್ರೆ ಕಾನೂನಿನ ದಾರಿ ಐತೆ, ಪೊಲೀಸ್ ಗಾಡಿ ಬಂದು ನಿಲ್ಲುತ್ತೆ, ಬೀದಿಯೆಲ್ಲ ನೋಡುತ್ತೆ. ಆದ್ರೆ ನಾನು ಇವತ್ತು ಆ ದಾರೀಲಿ ಬಂದಿಲ್ಲ. ಅತಿಥಿಯಾಗಿ ಬಂದಿದೀನಿ.”

ಬಾಗಿಲಲ್ಲಿ ನಿಂತಿದ್ದ ಉಮ್ಮ್ ಲೀನಾ ಅಳುತ್ತಾ ಶುರು ಮಾಡಿದರು. “ನನ್ನ ದೊಡ್ಡ ಮಗಳ ಗತಿ ಏನು? ನೀವೂ ಹೆಣ್ಣು ಹೆತ್ತೋರಲ್ವಾ? ಒಬ್ಬಳಿಗೋಸ್ಕರ ಇಬ್ಬರ ಬಾಳೂ ಹಾಳಾಗ್ಬೇಕಾ?”

“ಈಗ ಹಾಳಾಗ್ತಿರೋದು ಒಬ್ಬಳ ಬಾಳಲ್ಲಮ್ಮ, ಜೀವ.” ನನ್ನ ದನಿ ಏರಿತ್ತು, ಇಳಿಸಲು ಹೋಗಲಿಲ್ಲ. “ಮದುವೆ ಇನ್ನೊಂದು ಹುಡುಕ್ಬಹುದು. ಮಗಳನ್ನ ಎಲ್ಲಿಂದ ಹುಡುಕ್ತೀರಿ?”

ಮಳೆಹನಿ ಕಾಫಿಯಲ್ಲಿ ಬೀಳುತ್ತಿತ್ತು. ಅಬು ಲೀನಾ ಎದ್ದು ಒಳಗೆ ಹೋದರು, ಮೇಲಿನ ಮಹಡಿಯಲ್ಲಿ ಬಾಗಿಲು ತಟ್ಟಿದ ಸದ್ದು ಕೇಳಿಸಿತು, ವಾಪಸು ಬಂದರು. ಕುರ್ಚಿಯಲ್ಲಿ ಕೂರಲಿಲ್ಲ. ನನ್ನ ಮುಖ ನೋಡದೆ, “ನಿಮ್ಮ ಕಾಫಿ ಕುಡೀರಿ” ಅಂದರು. ನಾನು ಮಾಸ್ಕ್ ಕೆಳಗೆಳೆದು ಆ ತಣ್ಣನೆಯ, ಮಳೆನೀರು ಬೆರೆತ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ. ಡೀರ್ಡ್ರಾ ಹಾಕಿದ್ದ ಕಟ್ಟಳೆಗಳಲ್ಲಿ ಅರ್ಧ ಅಲ್ಲಿಗೇ ಮುರಿದವು.

ರೀಮಾಳ ಕೋಣೆಯ ಕಿಟಕಿಗೆ ಅಡುಗೆಮನೆಯ ಫಾಯಿಲ್ ಅಂಟಿಸಲಾಗಿತ್ತು. ಹುಡುಗಿ ಹಾಸಿಗೆಯಲ್ಲಲ್ಲ, ಕಪಾಟು ಮತ್ತು ಗೋಡೆಯ ನಡುವೆ ಕೂತಿದ್ದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಮಣಿಕಟ್ಟು ಎಷ್ಟು ತೆಳ್ಳಗಾಗಿತ್ತೆಂದರೆ ನನಗೆ ನೋಡಲಾಗಲಿಲ್ಲ. ಹೇಗಿದ್ದೀ ಅಂತ ಕೇಳಿದೆ. ಅಪ್ಪಟ ಕಾರ್ಕ್ ಧಾಟಿಯಲ್ಲಿ “ಐ ಆಮ್ ಗ್ರ್ಯಾಂಡ್” ಅಂದಳು. ಆಮೇಲೆ ಪಿಸುಗುಟ್ಟಿದಳು, “ನಿಮ್ಮ ಫೋನ್ ಕೇಳಿಸ್ಕೊಳ್ತಿದೆ.” ನಾನು ಫೋನನ್ನು ಅಬು ಲೀನಾ ಕೈಗೆ ಕೊಟ್ಟು ಹಿತ್ತಲ ಗೋಡೆಯ ಮೇಲೆ ಇಟ್ಟು ಬರಲು ಹೇಳಿದೆ. ಇಟ್ಟು ಬಂದರು. ಎದೆ ಹೇಗಿದೆ ರೀಮಾ ಅಂತ ಕೇಳಿದೆ. ಅವಳು ಹೇಳಿದಳು, ಮನೆಯ ಊಟದಲ್ಲಿ, ನೀರಿನಲ್ಲಿ, ಅಮ್ಮನ ಕೈಯ ಲೋಟದಲ್ಲಿ ಏನೋ ಹಾಕುತ್ತಿದ್ದಾರೆ. ಯಾರು ಅಂತ ಗೊತ್ತಿಲ್ಲ. ಅಮ್ಮ ಅಲ್ಲ, ಆದರೆ ಅಮ್ಮನ ಮೂಲಕ. ಆ ಓದಿದ ನೀರಿನ ಬಾಟಲಿಯನ್ನು ದಿನವೂ ಬಾಯಿಗೆ ಹಿಡಿಯುತ್ತಿದ್ದರಲ್ಲ, ಅದರಿಂದ ಅವಳ ಭಯ ಇಮ್ಮಡಿಯಾಗಿತ್ತು. ನನ್ನ ಚೀಲದಲ್ಲಿ ಸೀಲ್ ಒಡೆಯದ ಒಂದು ಬಾಟಲಿ ನೀರಿತ್ತು. ಅವಳೇ ಮುಚ್ಚಳ ತಿರುಗಿಸಿ, ಮೂಸಿ ನೋಡಿ, ಒಂದು ಗುಟುಕು ಕುಡಿದಳು. ಬಾಗಿಲ ಹೊರಗೆ ಅವಳ ತಂದೆ ಗೋಡೆಗೆ ಹಣೆ ಒತ್ತಿ ನಿಂತಿದ್ದರು.

ಆಂಬುಲೆನ್ಸ್ ಕರೆಸಿದೆ. ರೀಮಾ ಹೋಗಲು ಒಪ್ಪಿದಳು, ಲೀನಾ ಬರುವುದಾದರೆ ಮಾತ್ರ ಅಂದಳು. ಬಂದವರು ತಲೆಯಿಂದ ಕಾಲಿನವರೆಗೆ ಬಿಳಿ ಕವಚ ತೊಟ್ಟಿದ್ದರು, ಆಗಿನ ಕಾಲದಲ್ಲಿ ಎಲ್ಲರೂ ಹಾಗೆ. ಎದುರು ಮನೆಯ ಪರದೆಗಳು ಅಲ್ಲಾಡಿದವು. ಆಗ ಉಮ್ಮ್ ಲೀನಾ ನನ್ನ ತೋಳು ಹಿಡಿದು, ಕಣ್ಣೊರೆಸಿಕೊಂಡು ಹೇಳಿದ ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ. “ಸದ್ಯ, ಕೊರೊನಾ ಅಂದ್ಕೋತಾರೆ.”

ಅಯ್ಯೋ ಶಿವನೇ! ದಿನಾ ಸಂಜೆ ಟಿವಿಯಲ್ಲಿ ಸತ್ತವರ ಲೆಕ್ಕ ಹೇಳುತ್ತಿದ್ದ ಕಾಲ. ಮಗಳಿಗೆ ಆ ಕೊಲ್ಲುವ ರೋಗ ಬಂದಿದೆ ಅಂತ ಜನ ತಿಳಿಯಲಿ, ಗುಣವಾಗುವ ರೋಗ ಬಂದಿದೆ ಅಂತ ತಿಳಿಯದಿರಲಿ ಅಂತ ಒಬ್ಬ ತಾಯಿ ದೇವರಿಗೆ ಕೈ ಮುಗಿಯಬೇಕೇ? ಆ ತಾಯಿಯ ಮೇಲೆ ಸಿಟ್ಟು ಬಂತು. ಆಕೆಗೆ ಹೀಗೆ ಯೋಚಿಸಲು ಕಲಿಸಿದ ಸಂಬಂಧಿಕರ ಮೇಲೆ, ನೆರೆಹೊರೆಯವರ ಮೇಲೆ, ವಿಡಿಯೊ ಶೇಖನ ಮೇಲೆ, ಮೂರು ಸಲ ಫೋನ್ ಮಾಡಿ ‘ಚೆನ್ನಾಗಿದ್ದಾಳೆ’ ಅಂತ ನಂಬಿದ ನಮ್ಮ ತಂಡದ ಮೇಲೆ, ಸುಷ್ಮಾಳ ಚಿಕ್ಕಪ್ಪನನ್ನು ‘ಕಾಶಿಗೆ’ ಕಳಿಸಿದವರ ಮೇಲೆ, ಎಲ್ಲರ ಮೇಲೂ ಬಂತು. ಆ ಸಿಟ್ಟು ಇವತ್ತಿಗೂ ಹಾಗೆಯೇ ಇದೆ.

ರೀಮಾ ಕೆಲವು ವಾರ ಆಸ್ಪತ್ರೆಯಲ್ಲಿದ್ದಳು. ಮಾತ್ರೆ ಹಿಡಿಯಲು ಸಮಯ ಬೇಕಾಯಿತು, ದೇಹ ದಪ್ಪಗಾಯಿತು, ಕೈ ನಡುಗಿತು, ಅತ್ತಳು, ಬೈದಳು. ಅವಳ ಕಿವಿಗೆ ಮಾತ್ರ ಕೇಳಿಸುತ್ತಿದ್ದ ದನಿಗಳು ಮೆಲ್ಲಗೆ ದೂರವಾದವು. ಮನೆಗೆ ಬಂದ ಮೇಲೆ ನಾನು ಹಿತ್ತಲಿಗೆ ಹೋಗುತ್ತಲೇ ಇದ್ದೆ. ಊಟ ಮಾಡುತ್ತಿದ್ದಳು, ಆದರೆ ತಾನೇ ಬಡಿಸಿಕೊಂಡದ್ದು ಮಾತ್ರ. ಬೇರೆಯವರು ಸುರಿದು ಕೊಟ್ಟ ಲೋಟ ಮುಟ್ಟುತ್ತಿರಲಿಲ್ಲ. ಅದೊಂದು ಉಳಿದಿತ್ತು. ಉಮ್ಮ್ ಲೀನಾ ಪ್ರತಿದಿನ ಒಂದು ಲೋಟ ಚಹಾ ಮಾಡಿ ಅವಳ ಮುಂದಿಟ್ಟು, ಆರಿದ ಮೇಲೆ ತಾವೇ ಚೆಲ್ಲುತ್ತಿದ್ದರು. ಅದನ್ನು ನೋಡಿ ಆ ತಾಯಿಯ ಮೇಲಿನ ಸಿಟ್ಟು ಮಾತ್ರ ನನಗೆ ಕರಗಿತು.

ನಿರ್ಬಂಧಗಳು ಸಡಿಲವಾದವು, ನಾನು ನಿವೃತ್ತಳಾದೆ. ಡಬ್ಲಿನ್ನಿನ ಹಿರಿಯರು ಹೆಣ್ಣು ಕೇಳಲು ಬರುವ ದಿನ ಗೊತ್ತಾಯಿತು. ಲೀನಾ ಫೋನ್ ಮಾಡಿ “ನೀವು ಬರ್ಲೇಬೇಕು, ಖಾಲಾ” ಅಂದಳು. ಖಾಲಾ ಅಂದರೆ ಚಿಕ್ಕಮ್ಮ. ಆ ಮನೆಯವರಿಗೆ ರೀಮಾಳ ವಿಷಯ ಹೇಳಿದ್ದೀರಾ ಅಂತ ಕೇಳಿದೆ. “ಬಾಬಾ ಹೇಳ್ಬೇಕು. ಅವರು ಹೇಳ್ದೇ ಇದ್ರೆ ನಾನು ಹೇಳ್ತೀನಿ. ಅಷ್ಟು ಹೇಳಿದೀನಿ ಅವರಿಗೆ” ಅಂದಳು. ಬಾಬಾ ಅಂದರೆ ಅವಳ ಅಪ್ಪ.

ಮುಂದಿನ ಕೋಣೆಯಲ್ಲಿ ಗಂಡಸರು ಸಾಲಾಗಿ ಕೂತಿದ್ದರು. ಹುಡುಗನ ದೊಡ್ಡಪ್ಪನೇ ಮುಖಂಡ, ಭಾರೀ ಮೈಕಟ್ಟು, ಸೂಟು. ಹುಡುಗ ಸಿವಿಲ್ ಎಂ‌ಜಿನಿಯರ್, ತಲೆ ತಗ್ಗಿಸಿ ಕೂತಿದ್ದ. ನಾವು ಹೆಂಗಸರು ಊಟದ ಮನೆಯ ಕಡೆ, ತೆರೆದ ಬಾಗಿಲ ಹತ್ತಿರ. ರೀಮಾ ನನ್ನ ಪಕ್ಕ. ಕಾಫಿ ಬಂತು. ದೊಡ್ಡಪ್ಪ ಬಟ್ಟಲನ್ನು ಕೆಳಗಿಟ್ಟು, ದೇವರ ಹೆಸರು ಹೇಳಿ, ಎರಡೂ ಮನೆತನಗಳನ್ನು ಹೊಗಳಿ, ನಿಮ್ಮ ಮಗಳು ಲೀನಾಳನ್ನು ನಮ್ಮ ಹುಡುಗನಿಗೆ ಕೇಳಲು ಬಂದಿದ್ದೇವೆ ಅಂದರು. ಇಲ್ಲಿ ಅಬು ಲೀನಾ “ನಿಮ್ಮ ಕಾಫಿ ಕುಡಿಯಿರಿ” ಅನ್ನಬೇಕಿತ್ತು. ಅವರು ಎದ್ದು ನಿಂತರು.

“ಆ ಮಾತು ಹೇಳೋಕೆ ಮುಂಚೆ ನೀವು ಒಂದು ಕೇಳ್ಬೇಕು. ನನ್ನ ಎರಡನೇ ಮಗಳಿಗೆ ಕೊರೊನಾ ಬಂದಿರಲಿಲ್ಲ. ನಾವು ನಿಮಗೆ ಸುಳ್ಳು ಹೇಳಿದ್ವಿ. ಅವಳಿಗೆ ಮನಸ್ಸಿನ ಕಾಯಿಲೆ. ಆಸ್ಪತ್ರೇಲಿದ್ಲು, ಮಾತ್ರೆ ತಗೊಳ್ತಿದಾಳೆ, ಮುಂದೇನೂ ತಗೊಳ್ತಾಳೆ. ಅಲ್ಲಿ ಕೂತಿದಾಳೆ ನೋಡಿ. ಇದನ್ನ ತಿಳ್ಕೊಂಡು, ಬೇಕಿದ್ರೆ ಕಾಫಿ ಕುಡೀರಿ.”

ದೊಡ್ಡಪ್ಪ ಗಡ್ಡ ಸವರಿಕೊಂಡರು. “ರಕ್ತದಲ್ಲಿ ಬರೋ ಕಾಯಿಲೇನಾ?” ಅಂತ ಕೇಳಿದರು. ಯಾರ ರಕ್ತದಲ್ಲಿ ಏನಿಲ್ಲ ಸ್ವಾಮಿ ಅಂತ ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ. ನಾವು ಯೋಚಿಸಿ ಹೇಳುತ್ತೇವೆ, ಎಲ್ಲ ದೇವರ ಇಚ್ಛೆ ಅಂತ ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಸೇತುವೆ ಕಟ್ಟುವ ಆ ಎಂಜಿನಿಯರ್ ಬಾಗಿಲಲ್ಲಿ ಒಂದು ಗಳಿಗೆ ನಿಂತು ಲೀನಾಳ ಕಡೆ ತಿರುಗಿದ. ಅವಳು ತಲೆ ಎತ್ತಲಿಲ್ಲ. ಬಾಯಿ ತೆರೆಯುವಷ್ಟು ಧೈರ್ಯ ಅವನಿಗಿರಲಿಲ್ಲ. ಥೂ ನಿನ್ನ ಓದಿಗೆ! ಕಾರುಗಳು ಹೊರಟ ಸದ್ದು ಕೇಳಿತು. ಮೇಜಿನ ಮೇಲೆ ಕಾಫಿ ಬಟ್ಟಲುಗಳು ಹಾಗೆಯೇ ಇದ್ದವು, ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಉಮ್ಮ್ ಲೀನಾ ಸೆರಗಿನಂತೆ ತಲೆವಸ್ತ್ರದ ತುದಿಯನ್ನು ಬಾಯಿಗೊತ್ತಿಕೊಂಡು ಕೂತಿದ್ದರು. ಲೀನಾ ಎದ್ದು ಕಿಟಕಿ ತೆರೆದಳು. ರೀಮಾ ನಿಧಾನವಾಗಿ ಮುಂದಿನ ಕೋಣೆಗೆ ಹೋಗಿ, ಆ ದೊಡ್ಡಪ್ಪ ಕೂತಿದ್ದ ಕುರ್ಚಿಯ ಹತ್ತಿರ ನಿಂತಳು.

“ಬಾಬಾ, ಎಲ್ಲ ನನ್ನಿಂದ ಹಾಳಾಯ್ತಾ?”

ಅಬು ಲೀನಾ ಅವಳ ಹೆಗಲು ಹಿಡಿದು ಆ ಕುರ್ಚಿಯಲ್ಲೇ ಕೂರಿಸಿದರು. ಬೇರೆಯವರಿಗೆಂದು ಸುರಿದಿಟ್ಟಿದ್ದ, ಆರಿ ಹೋಗಿದ್ದ ಬಟ್ಟಲನ್ನು ಎತ್ತಿ ಅವಳ ಮುಂದೆ ಹಿಡಿದರು.

“ನಿನ್ನ ಕಾಫಿ ಕುಡಿ, ಮಗಳೇ.”

ರೀಮಾ ಬಟ್ಟಲನ್ನು ನೋಡಿದಳು. ಅವಳ ತಾಯಿ ಎದ್ದು ಬಂದು ಬಾಗಿಲ ಹತ್ತಿರ ನಿಂತಿದ್ದರು. ರೀಮಾ ಮೂಸಿ ನೋಡಲಿಲ್ಲ. ತಂದೆಯ ಕೈಯಿಂದ ತೆಗೆದುಕೊಂಡು ಕುಡಿದಳು.